ಗುಡ್ಲಿನ ಬಲ್ಬಿಗೆ ಒಂದೇ ವೈರು

ಹಸು ಮೂತಿಯನ್ನು ನೀರಿಗೆ ತಾಗಿಸಿ ತಟ್ಟನೆ ತಲೆ ಎಳೆದುಕೊಂಡಿತು. ಮೂಗಿನ ಹೊಳ್ಳೆಯ ಅಂಚಿನಲ್ಲಿ ಒಂದು ಹನಿ ನಿಂತು, ನಡುಗಿ, ಮತ್ತೆ ತೊಟ್ಟಿಗೇ ಬಿತ್ತು. ಬಾಯಾರಿದ ಹಸು ಅದು. ನಾಲಿಗೆ ಒಣಗಿ ಬಿಳಿಚಿಕೊಂಡಿತ್ತು. ಇನ್ನೊಮ್ಮೆ ಬಗ್ಗಿತು, ಇನ್ನೊಮ್ಮೆ ಎಳೆದುಕೊಂಡಿತು. ಆಮೇಲೆ ನೀರನ್ನು ನೋಡುತ್ತ ಸುಮ್ಮನೆ ನಿಂತುಬಿಟ್ಟಿತು.

“ನೋಡ್ದಾ ಮೇಡಮ್ಮ?” ಎಂದರು ಅಜ್ಜಿ. “ನೀರ್ ಕಂಡ್ರೆ ಹೇಸ್ಕಂತೈತೆ. ಮೂಕ್‌ಪ್ರಾಣಿ ಕಣವ್ವ, ಅದಕ್ಕೆ ಗೊತ್ತಾಗ್ತೈತೆ.”

ಹೀಗೆನ್ನುವಾಗ ಅವರು ನೋಡುತ್ತಿದ್ದುದು ಹಸುವನ್ನಲ್ಲ, ಕೊಟ್ಟಿಗೆಯ ಗೋಡೆಗೆ ಒರಗಿಸಿ ಕಟ್ಟಿದ್ದ ತೆಂಗಿನ ಗರಿಯ ಗುಡ್ಲನ್ನು. ಒಳಗೆ ಅವರ ಮೊಮ್ಮಗಳಿದ್ದಳು. ಅವಳಿಗೆ ಕೇಳಿಸಲೆಂದೇ ಅವರು ಅಷ್ಟು ಜೋರಾಗಿ ಹೇಳಿದ್ದು.

ಆ ವರ್ಷ ನಾನು ರೇಷ್ಮೆ ಸೀಮೆಯ ವಿಜಯಪುರಕ್ಕೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಏಳನೇ ತರಗತಿಗೆ ಶಕ್ತಿ ಮತ್ತು ವಿದ್ಯುತ್ ಪಾಠ ಮಾಡುತ್ತಿದ್ದೆ. ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ, ಈ ಮನೆಯ ಹೊರಗಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ರಾಗಿ, ಹಿಪ್ಪುನೇರಳೆ, ಡೈರಿಗೆ ಹಾಲು ಹಾಕುವ ಒಂದು ಸೀಮೆ ಹಸು, ಹೊಸದಾಗಿ ಟೈಲ್ಸ್ ಹಾಕಿಸಿದ ಮನೆ. ಇಷ್ಟು ಅವರ ಸಂಸಾರ. ಹುಡುಗಿ ನನ್ನ ವಿದ್ಯಾರ್ಥಿನಿ. ಮಾತು ಕಡಿಮೆ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಕೇಳಿದರೆ ಮಾತ್ರ ಸರಿಯಾಗಿ ಹೇಳುತ್ತಾಳೆ. ನಾನೂ ಹಾಗೇ ಇದ್ದವಳು.

ಆ ವಾರ ಅವಳು ಮೈನೆರೆದಳು. ಮಧ್ಯಾಹ್ನದೊಳಗೆ ಊರಿಗೆಲ್ಲ ತಿಳಿಯಿತು. ನನಗೆ ಮೊದಲು ಅಸಹ್ಯವಾಗಿದ್ದು ಅದು. ಹದಿಮೂರರ ಹುಡುಗಿಯ ಮೈಯೊಳಗಿನ ವಿಷಯವನ್ನು ಅವಳ ಅಪ್ಪ ಡೈರಿಯ ಮುಂದೆ, ಹಾಲಿನ ಕ್ಯಾನು ಕೆಳಗಿಡುತ್ತ, ನಗುತ್ತ ಹೇಳಿದ್ದರು. ಸಂಜೆ ಸೋದರಮಾವ ಬೈಕಿನಲ್ಲಿ ಬಂದರು. ಗುಡ್ಲು ಕಟ್ಟುವುದು ಮಾವನ ಹಕ್ಕು. ಮೊದಲಾಗಿದ್ದರೆ ಜಗಲಿಯ ಮೇಲೆ ಕಟ್ಟುತ್ತಿದ್ದರಂತೆ. ಈಗ ಜಗಲಿಗೂ ಟೈಲ್ಸ್ ಬಂದಿದೆ, ಗರಿಯ ಕಸ ಬೀಳುತ್ತದೆ ಎಂದು ಕೊಟ್ಟಿಗೆಯ ಪಕ್ಕ ಕಟ್ಟಿದರು. ಗಂಜಲದ ಕಾಲುವೆ ಅದರ ಬಾಗಿಲಿನ ಮುಂದೆಯೇ ಹಾದುಹೋಗುತ್ತಿತ್ತು.

ಅವಳಿಗೆ ಒಂದು ಹಲಗೆ, ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಊಟವನ್ನು ತಟ್ಟೆಗೆ ತಾಗದಂತೆ ಮೇಲಿನಿಂದ ಹಾಕುತ್ತಿದ್ದರು. ಸಾರು ಅವಳ ಕೈಮೇಲೆ ಚಿಮ್ಮುತ್ತಿತ್ತು. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ಉಂಡೆ, ಎಲ್ಲವನ್ನೂ ಒತ್ತಾಯದಿಂದ ತಿನ್ನಿಸುತ್ತಿದ್ದರು. ನೋಡಲು ಬಂದ ಹೆಂಗಸರು ಗರಿ ಸರಿಸಿ ಇಣುಕಿ, ಅವಳ ಮೈಯನ್ನು ಮೇಲಿಂದ ಕೆಳಗೆ ಅಳೆದು, ಮಾತಾಡಿಕೊಳ್ಳುತ್ತಿದ್ದರು. ಬೆಲ್ಲದ ಪಾಕಕ್ಕೆ ನೊಣ ಮುತ್ತಿದ ತಟ್ಟೆಯ ಪಕ್ಕ ಅವಳು ಮೊಣಕಾಲಿಗೆ ಗಲ್ಲ ಇಟ್ಟುಕೊಂಡು ಕೂತಿರುತ್ತಿದ್ದಳು. ನಾನು ನನ್ನ ಕೋಣೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿದರೂ ವಾಸನೆ ಬರುತ್ತಿತ್ತು.

ಗುಡ್ಲು ಎದ್ದ ಮಾರನೆಯ ಬೆಳಿಗ್ಗೆಯೇ ಹಸು ತೊಟ್ಟಿಯ ನೀರು ಬಿಟ್ಟಿತು. ಹಾಲು ಕರೆಯಲು ಕೂತರೆ ಕಾಲು ಝಾಡಿಸಿತು. ಹಾಲು ಕಡಿಮೆಯಾಯಿತು. ಅಜ್ಜಿ ಗುಡ್ಲನ್ನೂ ಹಸುವನ್ನೂ ಸೇರಿಸಿ ಹೊಲಿದುಬಿಟ್ಟರು.

“ದೊಡ್ಡೋಳಾದ ಮಾರ್ನೆ ದಿನ್ವೇ ಲಕ್ಷ್ಮಿ ಕಾಲ್ ಝಾಡಿಸ್ತು ಅಂದ್ರೆ ಇವಳ ಗಳಿಗೆ ಎಂಥದ್ದಿರ್ಬೇಕು? ಆರತಿ ಮುಗಿದೇಟ್ಗೆ ನಂದಗುಡಿ ಕಡೆ ಅವಳ ಅತ್ತೆ ಮನೆಗೆ ಕಳಿಸ್ಬುಡು. ಅಲ್ಲಿ ಹಸ ಗಿಸ ಏನೂ ಇಲ್ಲ.”

“ಸ್ಕೂಲು?” ಎಂದರು ಹುಡುಗಿಯ ತಾಯಿ, ಪಾತ್ರೆಯಿಂದ ತಲೆ ಎತ್ತದೆ.

“ಏಳನೇದ್ ಓದಿದ್ದು ಸಾಲ್ದಾ? ಅಲ್ಲಿ ನಿನ್ ನಾದ್ನಿಗೂ ಕೈಗೊಬ್ಳು ಬೇಕಂತೆ.”

ಅಪ್ಪ ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅಪ್ಪ ಏನೂ ಹೇಳದಿದ್ದರೆ ಆಯಿತು ಎಂದೇ ಅರ್ಥ. ಮರುದಿನ ಅವರು ಹುಡುಗಿಯ ಅತ್ತೆಗೆ, ಅಂದರೆ ತಮ್ಮ ತಂಗಿಗೆ, ಫೋನು ಮಾಡುವುದನ್ನು ಕೇಳಿಸಿಕೊಂಡೆ. ಅಲ್ಲಿಗೆ ಹೋದವಳು ಎಂಟನೇ ತರಗತಿಗೆ ಸೇರುವುದಿಲ್ಲ ಎಂಬುದು ನನಗೂ ಗೊತ್ತಾಯಿತು, ಗರಿಯ ಆಚೆಗಿದ್ದ ಅವಳಿಗೂ ಗೊತ್ತಾಯಿತು.

ನಾನು ಮಾಡಿದ್ದು ಇಷ್ಟೇ: ಸಂಜೆ ಶಾಲೆಯಿಂದ ಬಂದ ಮೇಲೆ ಗುಡ್ಲಿನ ಹೊರಗೆ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಆ ದಿನದ ಪಾಠವನ್ನು ಹೇಳತೊಡಗಿದೆ. ಅಜ್ಜಿ ಬೇಡ ಎನ್ನಲಿಲ್ಲ. ನಾನು ಮುಟ್ಟುತ್ತಿಲ್ಲವಲ್ಲ.

ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ ಎಂದು ಶುರುಮಾಡಿದೆ. ಅದು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ವೇಷ ಬದಲಿಸುತ್ತದೆ. ಹಸು ತಿಂದ ಹುಲ್ಲಿನಲ್ಲಿ ಇರುವುದು ಬಿಸಿಲಿನ ಶಕ್ತಿ; ಅದೇ ಹಾಲಿನಲ್ಲಿ ನಿನಗೆ ಬರುತ್ತದೆ, ಅದೇ ನೀನು ಓಡುವಾಗ ಕಾಲಿನಲ್ಲಿ ಖರ್ಚಾಗುತ್ತದೆ.

“ಈಗ ಓಡ್ತಾ ಇಲ್ವಲ್ಲ ಮಿಸ್, ಬರೀ ತಿಂತಾ ಇದೀನಿ. ಅದೆಲ್ಲಾ ಎಲ್ಲಿಗೆ ಹೋಗುತ್ತೆ?”

“ಕೊಬ್ಬಾಗಿ ಕೂರುತ್ತೆ.”

“ಅಜ್ಜಿಗೆ ಬೇಕಾಗಿರೋದು ಅದೇ,” ಎಂದಳು. ಗರಿಯ ಹಿಂದೆ ಅವಳು ನಕ್ಕಿದ್ದು ಕೇಳಿಸಿತು. ಆ ದಿನಗಳಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಗುಡ್ಲಿನಲ್ಲಿ ನೂರು ವ್ಯಾಟಿನ ಹಳೆಯ ಗುಂಡು ಬಲ್ಬು ಉರಿಯುತ್ತಿತ್ತು. ಚಳಿಗಾಲ, ಬೆಚ್ಚಗಿರಲಿ ಎಂದು ಮಾವ ಹುಡುಕಿ ತಂದಿದ್ದರು. ಗುಡ್ಲಲ್ಲಿ ಕತ್ತಲೆ ಇರಬಾರದೆಂದು ಹಗಲೂ ಆರಿಸುತ್ತಿರಲಿಲ್ಲ. ಅದನ್ನೇ ಉದಾಹರಣೆಗೆ ಇಟ್ಟುಕೊಂಡೆ. ಈ ಬಲ್ಬಿನಲ್ಲಿ ಬೆಳಕಾಗುವುದು ಸ್ವಲ್ಪ, ಉಳಿದದ್ದೆಲ್ಲ ಶಾಖ. ನಿನಗೆ ಬೇಕಾಗಿರುವುದೂ ಶಾಖವೇ, ಆದ್ದರಿಂದ ನಷ್ಟವೇನಿಲ್ಲ ಎಂದೆ. ಆಮೇಲೆ ವಿದ್ಯುತ್ ಮಂಡಲದ, ಅಂದರೆ ಸರ್ಕ್ಯೂಟಿನ ಪಾಠ. ಟಾರ್ಚಿನ ಒಂದು ಸೆಲ್ಲು, ಎರಡು ತುಂಡು ವೈರು, ಒಂದು ಪುಟ್ಟ ಬಲ್ಬನ್ನು ಗರಿಯ ಸಂದಿಯಿಂದ ಒಳಗೆ ತಳ್ಳಿದೆ. ಸೆಲ್ಲಿನ ಒಂದು ತುದಿಯಿಂದ ಹೊರಟ ಕರೆಂಟು ಬಲ್ಬಿನ ಮೂಲಕ ಹಾದು ಇನ್ನೊಂದು ತುದಿಗೆ ವಾಪಸು ಬರಲೇಬೇಕು. ಹೋಗಲು ಒಂದು ದಾರಿ, ಬರಲು ಒಂದು ದಾರಿ. ಒಂದು ಕಡೆ ಬಿಟ್ಟರೂ ಆರಿಹೋಗುತ್ತದೆ.

ಅವಳು ಹಚ್ಚಿದಳು, ಬಿಟ್ಟಳು, ಮತ್ತೆ ಹಚ್ಚಿದಳು.

“ಮಿಸ್.”

“ಹೇಳು.”

“ಹೋಗಕ್ಕೊಂದು ಬರಕ್ಕೊಂದು ಅಂದ್ರಲ್ಲ. ನನ್ನ ಗುಡ್ಲಿನ ಬಲ್ಬಿಗೆ ಮನೆಯಿಂದ ಒಂದೇ ವೈರು ಬಂದಿದೆ. ಇದು ಹೆಂಗೆ ಉರೀತಿದೆ?”

ನಾನು ಎದ್ದು ನೋಡಿದೆ. ಮನೆಯ ಸ್ವಿಚ್‌ಬೋರ್ಡಿನಿಂದ ಹೊರಟು ಸೂರಿನ ಕೆಳಗೆ ಬಂದಿದ್ದ ವೈರು ನಿಜಕ್ಕೂ ಒಂದೇ. ನಡುವೆ ಒಂದು ಕಡೆ ಗಂಟು ಹಾಕಿ, ಮೇಲೆ ಪ್ಲಾಸ್ಟಿಕ್ ಕವರು ಸುತ್ತಿದ್ದರು. ಜೋಡಿ ವೈರಿನ ಹೊಸೆತ ಬಿಚ್ಚಿ, ಒಂದರ ತುದಿಗೆ ಇನ್ನೊಂದನ್ನು ಸೇರಿಸಿ ಉದ್ದ ಮಾಡಿದ್ದರು. ಹೋಲ್ಡರಿನಿಂದ ಹೊರಬಂದ ಇನ್ನೊಂದು ತುಂಡು ಗರಿಯ ಮರೆಯಲ್ಲಿ ಕೆಳಗಿಳಿದು, ಕೊಟ್ಟಿಗೆಯ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿಕೊಂಡಿತ್ತು. ಅದೇ ಪೈಪು ಗೋಡೆ ದಾಟಿ ಹಸುವಿನ ತೊಟ್ಟಿಯೊಳಕ್ಕೆ ಇಳಿಯುತ್ತಿತ್ತು.

ಕರೆಂಟು ವಾಪಸು ಹೋಗುತ್ತಿದ್ದುದು ನೆಲದ ಮೂಲಕ. ಬೋರ್ಡಿನಿಂದ ಬಲ್ಬಿಗೆ, ಬಲ್ಬಿನಿಂದ ಪೈಪಿಗೆ, ಪೈಪಿನಿಂದ ಒದ್ದೆ ಮಣ್ಣಿಗೆ, ಅಲ್ಲಿಂದ ಊರಾಚೆಯ ಟ್ರಾನ್ಸ್‌ಫಾರ್ಮರಿಗೆ. ಬಲ್ಬು ಬಹುಪಾಲನ್ನು ತಡೆಯುತ್ತದೆ, ನಿಜ. ಆದರೂ ಪೈಪಿಗೂ ನೆಲಕ್ಕೂ ನಡುವೆ ಸ್ವಲ್ಪ ವೋಲ್ಟೇಜು ಉಳಿಯುತ್ತದೆ. ಚಪ್ಪಲಿ ಹಾಕಿದವರಿಗೆ, ಒಣಗಿದ ಹಿಮ್ಮಡಿಯವರಿಗೆ ಅದು ತಿಳಿಯುವುದಿಲ್ಲ. ನಾಲ್ಕು ಕಾಲನ್ನೂ ಗಂಜಲದಲ್ಲಿ ಊರಿ, ಒದ್ದೆ ಮೂಗನ್ನು ನೀರಿಗೆ ಹಾಕುವ ಹಸುವಿಗೆ ತಿಳಿಯುತ್ತದೆ.

ಊಹೆಯನ್ನು ಹೇಳುವ ಮೊದಲು ಖಾತ್ರಿಯಾಗಬೇಕಿತ್ತು. ಸಂಜೆ ಹೊತ್ತು ಕರೆಂಟು ಹೋಗುವುದು ಅಲ್ಲಿ ದಿನವೂ ಇದ್ದದ್ದೇ. ಆ ಹೊತ್ತಿನಲ್ಲಿ ಹಸು ಏನು ಮಾಡುತ್ತದೆಂದು ಯಾರೂ ನೋಡಿರಲಿಲ್ಲ. ಕಾದು ಕೂತೆ. ಬಲ್ಬು ಆರಿತು. ಹಸು ಅಭ್ಯಾಸಬಲದಿಂದ ಇನ್ನೊಮ್ಮೆ ಮೂತಿ ಇಳಿಸಿತು. ಇಳಿಸಿದ್ದು ಎತ್ತಲೇ ಇಲ್ಲ. ಗಂಟಲಿನ ಉಬ್ಬು ಮೇಲೆ ಕೆಳಗೆ ಓಡಾಡುವಂತೆ, ಹೀರಿ ಹೀರಿ ಕುಡಿಯಿತು. ತೊಟ್ಟಿ ಅರ್ಧಕ್ಕಿಳಿದಿತ್ತು. ಅಷ್ಟರಲ್ಲಿ ಕರೆಂಟು ಬಂತು. ಗುಡ್ಲು ಬೆಳಗಿತು. ಹಸು ಮುಸುಡಿಗೆ ಹೊಡೆಸಿಕೊಂಡ ಹಾಗೆ ಹಿಂದಕ್ಕೆ ಹಾರಿತು.

ಮಾವ ಆ ಹೊತ್ತಿಗೆ, ಹುಡುಗಿಯನ್ನು ಗುಡ್ಲಿನಿಂದ ಹೊರತರುವ ದಿನದ ಆರತಿಯ ಮಾತುಕತೆಗೆಂದು ಬಂದಿದ್ದರು. ನೀಟಾಗಿ ಇಸ್ತ್ರಿ ಮಾಡಿದ ಶರ್ಟು, ಬೆರಳಿಗೆ ಉಂಗುರ. ಐ.ಟಿ.ಐ. ಮಾಡಿ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರೀಷಿಯನ್ ಆಗಿದ್ದರು. ಅದನ್ನು ಎಲ್ಲರಿಗೂ ಹೇಳುತ್ತಿದ್ದರು. ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ವೈರು ತೋರಿಸಿದೆ.

“ಅಯ್ಯೋ ಅದಾ? ವೈರು ಸಾಲ್ಲಿಲ್ಲ ಮೇಡಂ. ಅಡ್ಜಸ್ಟ್ ಮಾಡ್ದೆ,” ಎಂದರು. ಜೇಬಿನಿಂದ ಟೆಸ್ಟರ್ ತೆಗೆದು ಪೈಪಿಗೆ ಒತ್ತಿದರು. “ನೋಡಿ, ಹತ್ತುತ್ತಾ? ಎಲ್ಲಿದೆ ಕರೆಂಟು?”

“ಅಷ್ಟು ಕಡಿಮೆ ವೋಲ್ಟೇಜಿಗೆ ಟೆಸ್ಟರ್ ಹತ್ತುವುದಿಲ್ಲ. ಅದು ನಿಮಗೂ ಗೊತ್ತು.”

ಅವರು ಟೆಸ್ಟರನ್ನು ಜೇಬಿಗೆ ಹಾಕಿಕೊಂಡು, ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಗೊತ್ತು ಬಿಡಿ ಮೇಡಂ. ಹಸ ನೀರ್ ಕುಡೀತಿಲ್ಲ ಅಂದಾಗ್ಲೇ ಡೌಟ್ ಬಂತು. ಆರತಿ ಒಂದು ಮುಗೀಲಿ, ಗುಡ್ಲು ಹೆಂಗೂ ಸುಟ್ಟಾಕ್ತೀವಿ, ತಾನಾಗೇ ಸರಿ ಹೋಗುತ್ತೆ ಅಂತ ಸುಮ್ನಿದ್ದೆ.”

“ಅವಳ ಶಾಲೆ ಬಿಡಿಸುತ್ತಿದ್ದಾರೆ.”

“ಏನ್ ಮಾಡೋದು? ಭಾವನ ಮನೇಲಿ, ಬಾಮೈದ ಆದೋನು ಕೊಟ್ಟಿಗೆಗೆ ಕರೆಂಟ್ ಕೊಟ್ಟ ಅಂತ ಆಗಲ್ವಾ? ನಾಲ್ಕು ಜನ ನಗಲ್ವಾ? ನೀವೂ ಹೇಳಕ್ ಹೋಗ್ಬೇಡಿ.”

ಅವರ ಹಲ್ಲಿನ ಸಂದಿಯಲ್ಲಿ ಎಲೆಅಡಿಕೆಯ ಕೆಂಪು ನಿಂತಿತ್ತು. ಇಂಥ ವಿಷಯವನ್ನು ಅವರು ನನ್ನ ಜೊತೆ ಹಂಚಿಕೊಂಡ ಸಲಿಗೆಯ ರೀತಿ, ನಾನೂ ಅವರ ಕಡೆಯವಳೇ ಎಂಬ ಆ ನಗು, ನನಗೆ ಕೊಟ್ಟಿಗೆಯ ವಾಸನೆಗಿಂತ ಹೆಚ್ಚು ಹೇಸಿಗೆ ತಂದಿತು. ಅಜ್ಜಿಗಾದರೂ ತಿಳಿಯದು. ಇವರಿಗೆ ತಿಳಿದಿತ್ತು. ತಿಳಿದೂ, ತಾವೇ ಕಟ್ಟಿದ ಗುಡ್ಲಿನಲ್ಲಿ ಕೂತ ಸೋದರಸೊಸೆಯ ಮೇಲೆ ಅದು ಬೀಳಲು ಬಿಟ್ಟಿದ್ದರು.

ನಾನು ಮನೆಯವರನ್ನೆಲ್ಲ ಕರೆದೆ. ಜಗಳವಾಡುವ ಅಭ್ಯಾಸ ನನಗಿಲ್ಲ. ಪಾಠ ಮಾಡುವ ಅಭ್ಯಾಸವಿದೆ. ತೊಟ್ಟಿಗೆ ನಾನೇ ಹೊಸ ನೀರು ತುಂಬಿಸಿದೆ. ಬಲ್ಬಿನ ಸ್ವಿಚ್ಚು ಹೋಲ್ಡರಿನಲ್ಲೇ ಇತ್ತು. “ಆರಿಸು,” ಎಂದೆ ಒಳಗಿನವಳಿಗೆ. ಹಸು ಕುಡಿಯಿತು. “ಹಚ್ಚು,” ಎಂದೆ. ಹಸು ಹಾರಿತು. ಮತ್ತೆ ಆರಿಸಲು ಹೇಳಿದೆ. ಸ್ವಲ್ಪ ಅನುಮಾನಿಸಿ ಮತ್ತೆ ಕುಡಿಯಿತು. ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬೆರಳಿಟ್ಟು ತೋರಿಸಿದೆ. ಮಾವ ಫೋನು ನೋಡುತ್ತ ನಿಂತಿದ್ದರು.

ಅಪ್ಪನಿಗೆ ಅರ್ಥವಾಯಿತು ಅನ್ನಿಸಿತು. ತಾಯಿಗೆ ಖಂಡಿತ ಅರ್ಥವಾಯಿತು. ತಮ್ಮನನ್ನು ಒಮ್ಮೆ ದಿಟ್ಟಿಸಿ ನೋಡಿ ಮುಖ ತಿರುಗಿಸಿಕೊಂಡರು. ಅಜ್ಜಿ ಬಹಳ ಗಮನವಿಟ್ಟು ಕೇಳಿದರು. ಕೊನೆಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು:

“ಅಂದ್ರೆ ಕರೆಂಟು ಅವಳ ಗುಡ್ಲಿಂದ ತೊಟ್ಟಿಗೆ ಹೋಗ್ತೈತೆ.”

“ಹೌದು.”

“ಅದ್ನೇ ಅಲ್ವೇನವ್ವ ನಾನು ಮೊದ್ಲಿಂದ್ಲೂ ಹೇಳ್ತಿರೋದು? ಕರೆಂಟ್ಗೂ ಮೈಲಿಗೆ ಆಗೈತೆ. ಅವಳ್ನ ದಾಟ್ಕಂಡು ಬಂದಿರೋ ಕರೆಂಟು, ಹಸ ಹೆಂಗ್ ಮುಟ್ತೈತೆ?”

“ಸರ್ಯಾಗ್ ಹೇಳ್ದೆ ಅತ್ತೆ,” ಎಂದರು ಮಾವ, ತಕ್ಷಣ.

ನಾನು ಅವರನ್ನು ನೋಡಿದೆ. ಅವರು ಮತ್ತೆ ಫೋನು ನೋಡಿದರು. ಅಪ್ಪ ಗಲ್ಲ ಕೆರೆದುಕೊಂಡು, “ಏನೋಪ್ಪ, ಎಲ್ಲಾ ಒಂದೇ ಕಡೆ ಬಂದು ನಿಲ್ತಿದೆ,” ಎಂದರು. ಅಜ್ಜಿ ಗಂಜಲ ತಂದು ಪೈಪಿನ ಮೇಲೆ ಚಿಮುಕಿಸಿದರು. ವೈರಿನ ಗಂಟಿನ ಮೇಲೂ ಚಿಮುಕಿಸಲು ಹೋದ ಅಜ್ಜಿಯ ಕೈಯನ್ನು ನಾನು ಹಿಡಿದು ನಿಲ್ಲಿಸಬೇಕಾಯಿತು.

ಆ ಕೈ ಹಿಡಿದಿದ್ದಾಗಲೇ ನಾನು ಅದನ್ನು ಹೇಳಿದ್ದು. ನನ್ನ ಮೈಯ ವಿಷಯವನ್ನು ನಾನು ಯಾರ ಹತ್ತಿರವೂ ಹೇಳಿದವಳಲ್ಲ. ಹಾಸ್ಟೆಲಿನಲ್ಲಿ ಜೊತೆಗಿದ್ದವಳಿಗೂ ಹೇಳುತ್ತಿರಲಿಲ್ಲ. ಗಂಡಸರಿಬ್ಬರು ನಿಂತಿದ್ದರು.

“ಅಜ್ಜಿ, ನಾನೂ ಹೊರಗಾಗಿದ್ದೀನಿ. ಈ ನಲ್ಲಿಯಲ್ಲೇ ನೀರು ಹಿಡಿದಿದ್ದೀನಿ. ಈಗ ತೊಟ್ಟಿಗೆ ತುಂಬಿಸಿದ್ದೂ ನಾನೇ. ಹಸು ಕುಡಿಯಿತಲ್ಲ.”

ಅಜ್ಜಿ ಕೈ ಕಿತ್ತುಕೊಂಡರು. ಹಿಡಿದಿದ್ದ ಜಾಗವನ್ನು ಸೀರೆಗೆ ಉಜ್ಜಿಕೊಂಡರು.

“ಯಾವತ್ತಿಂದ?”

ಹೇಳಿದೆ. ಗುಡ್ಲು ಎದ್ದ ದಿನದಿಂದಲೇ. ಅವರ ಕಣ್ಣಿನಲ್ಲಿ ಲೆಕ್ಕ ಓಡುವುದು ಕಾಣಿಸಿತು. ಹಸು ನೀರು ಕುಡಿದದ್ದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ನಾನು ಪಾಠ ಮುಗಿಸಿದ್ದೆ ಅಂದುಕೊಂಡಿದ್ದೆ. ಅವರು ಆಗ ಶುರುಮಾಡಿದರು.

“ಅಯ್ಯೋ ನನ್ ಕಂದ! ಮಗಾನ ಸುಮ್ಸುಮ್ನೆ ಅಂದ್ಬುಟ್ನಲ್ಲೋ! ಇವಳು ಮೂರೊತ್ತೂ ಕೊಟ್ಟಿಗೆ ದಾಟ್ಕಂಡು ಓಡಾಡವ್ಳೆ, ನಲ್ಲಿ ಮುಟ್ಟವ್ಳೆ, ಬಾಯ್ ಬುಟ್ಟಿಲ್ಲ! ಓದಿರೋ ಹೆಣ್ಣು ಅಂತ ಮನೆಗೆ ಸೇರಿಸ್ಕಂಡ್ರೆ! ಏನ್ಲಾ ನೋಡ್ತಾ ನಿಂತಿದೀಯ, ಕೋಣೆ ಖಾಲಿ ಮಾಡ್ಸು!”

ಅಪ್ಪನ ಮುಖ ಸಡಿಲವಾಯಿತು. ಅದು ಕೋಪವಲ್ಲ, ನಿರಾಳ. ತಪ್ಪು ಮನೆಯ ಹೊರಗಿನವರದ್ದಾಯಿತು. ಮಾವನ ಮುಖದಲ್ಲೂ ಅದೇ ನಿರಾಳ, ಇನ್ನಷ್ಟು ದಪ್ಪವಾಗಿ. ತಾಯಿ ಮಾತ್ರ ನೆಲ ನೋಡುತ್ತಿದ್ದರು.

ನಾನು ಮತ್ತೆ ವಿವರಿಸಬಹುದಿತ್ತು. ತರಗತಿಯಲ್ಲಾಗಿದ್ದರೆ ಬಿಡುತ್ತಿರಲಿಲ್ಲ. ಆದರೆ ಒಂದನ್ನು ಕೇಳಿಕೊಳ್ಳಬೇಕಿತ್ತು, ಅದನ್ನು ಆಗಲೇ ಕೇಳಬೇಕಿತ್ತು.

“ಹಾಗಾದರೆ ಅವಳನ್ನು ಅತ್ತೆ ಮನೆಗೆ ಕಳಿಸುವುದಿಲ್ಲ ತಾನೇ? ಶಾಲೆಗೆ ಬರುತ್ತಾಳೆ ತಾನೇ?”

“ಬರ್ದೆ ಏನ್ ಮೇಡಂ?” ಎಂದರು ಅಪ್ಪ, ನಾನೇನೋ ಹುಚ್ಚು ಪ್ರಶ್ನೆ ಕೇಳಿದ ಹಾಗೆ. “ಅವಳ ತಪ್ಪೇನಿದೆ ಇದ್ರಲ್ಲಿ? ನಮ್ಮವ್ವ ಏನೋ ಹೊಟ್ಟೆ ಉರಿಗೆ ಅಂತಿದ್ಲು. ನೀವು ಮಾತ್ರ ಕೋಣೆ…”

“ನಾಳೆ ಖಾಲಿ ಮಾಡುತ್ತೇನೆ,” ಎಂದೆ.

“ನಿನ್ ತಂಗಿಗೆ ಫೋನ್ ಮಾಡಿ ಕರ್ಕಂಡ್ ಹೋಗಾಕೆ ಬರಬ್ಯಾಡ ಅನ್ನು,” ಎಂದು ತಾಯಿ ಮೊದಲ ಬಾರಿ ಗಂಡನಿಗೆ ಜೋರಾಗಿ ಹೇಳಿದರು. ಅವರು ಅಲ್ಲೇ ನಿಂತು ಫೋನು ಮಾಡಿದರು. ಎಲ್ಲರೂ ಒಳಗೆ ಹೋದ ಮೇಲೆ ಗರಿ ಸರಿಯಿತು.

“ಮಿಸ್, ಇದು ತಪ್ಪು ಉತ್ತರ ಅಲ್ವಾ?”

“ಹೌದು.”

“ಮತ್ತೆ ಯಾಕೆ ಸುಮ್ನಾದ್ರಿ?”

“ನೀನು ಎಂಟನೇ ಕ್ಲಾಸಿಗೆ ಬಾ,” ಎಂದೆ. “ಬಂದು ನೀನೇ ಸರಿಪಡಿಸು. ಅಲ್ಲಿಯವರೆಗೂ ಆ ಬಲ್ಬು ಹಚ್ಚಬೇಡ. ಪೈಪು ಮುಟ್ಟಬೇಡ.”

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬಟ್ಟೆ ಮಡಿಸಿಟ್ಟೆ. ಕೈಯನ್ನು ಸೋಪಿನಲ್ಲಿ ಎಷ್ಟು ತೊಳೆದರೂ ಹೇಸಿಗೆ ಹೋಗಲಿಲ್ಲ. ಅವಳನ್ನು ಬಿಡಿಸಿದೆ ಎಂದು ಸಮಾಧಾನಪಡಲು ನೋಡಿದೆ. ಅದು ಆಗಲಿಲ್ಲ. ನಾನು ಹೇಳಿದ ನಿಜ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನ್ನ ಗುಟ್ಟನ್ನು ಮಾತ್ರ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಅಜ್ಜಿ ಜಗಲಿಯಲ್ಲಿ ನೀರಿನ ಚೊಂಬು ಹಿಡಿದು ಕಾಯುತ್ತಿದ್ದರು. ಕೀಲಿಯನ್ನು ನೆಲದ ಮೇಲಿಡು ಎಂದರು, ಆಮೇಲೆ ತೊಳೆದುಕೊಳ್ಳುತ್ತಾರಂತೆ. ಬೋರ್ಡಿನಿಂದ ಗುಡ್ಲಿಗೆ ಎರಡನೇ ವೈರು ಎಳೆಯುವವರೆಗೂ ಕೀಲಿ ಕೊಡುವುದಿಲ್ಲ ಎಂದೆ. ರಾತ್ರಿ ಅಲ್ಲೇ ಉಳಿದಿದ್ದ ಮಾವನನ್ನು ಎಬ್ಬಿಸಿದರು. ಅವರು ಗೊಣಗುತ್ತ ಬೈಕಿನಲ್ಲಿ ಹೋಗಿ, ಅಂಗಡಿಯವನ ಮನೆ ಬಾಗಿಲು ತಟ್ಟಿ, ವೈರು ತಂದರು. ನಾನು ಬ್ಯಾಗಿನ ಪಕ್ಕ ನಿಂತು, ಮೇನ್ ಸ್ವಿಚ್ ಇಳಿಸುವುದರಿಂದ ಹಿಡಿದು ಪೈಪಿಗೆ ಸುತ್ತಿದ್ದ ತುಂಡನ್ನು ಬಿಚ್ಚಿ ಬಿಸಾಡುವವರೆಗೆ ನೋಡಿದೆ. ಬಲ್ಬು ಹಚ್ಚಿಸಿದೆ. ಆಮೇಲೆ ಚಪ್ಪಲಿ ಕಳಚಿ ಕೊಟ್ಟಿಗೆಗೆ ಇಳಿದು, ಹಸುವಿನ ಪಕ್ಕ ಗಂಜಲದಲ್ಲಿ ಬರಿಗಾಲೂರಿ, ಒದ್ದೆ ಕೈಯಲ್ಲಿ ಪೈಪನ್ನು ಹಿಡಿದೆ. ತಣ್ಣಗಿತ್ತು, ಅಷ್ಟೇ. ಕಾಲು ತೊಳೆದುಕೊಂಡು, ಕೀಲಿಯನ್ನು ನೆಲದ ಮೇಲಿಟ್ಟು, ಮೊದಲ ಗಂಟೆ ಹೊಡೆಯುವುದರೊಳಗೆ ಶಾಲೆ ತಲುಪಿದೆ.